ಕರೆದರೆ ತಿರುಗುತ್ತಾಳೆ

ನೀಲವ್ವಾ, ನಿಮ್ಮ ಗೌರಿಗೆ ಕಿವಿ ಕೇಳಿಸುತ್ತದೆ ಎಂದು ಬರೆದವಳು ನಾನು. ಸರಿಯಾಗಿ ನೋಡದೆ ಬರೆದೆ. ಮೊನ್ನೆ ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿಕೊಂಡು ನಿಮ್ಮೆದುರು ಕೂತು ಫಾರ್ಮ್ ತುಂಬಿದವಳೂ ನಾನೇ. ಗುರುವಾರ ನೀವು ಮತ್ತೆ ಬರುತ್ತೀರಿ.

ನಾಲ್ಕು ವರ್ಷದ ಹಿಂದೆ ನಾನು ಧಾರವಾಡದಲ್ಲಿ ಗೃಹವಿಜ್ಞಾನ ಓದುತ್ತಿದ್ದೆ. ನೀವು ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿ ರೊಟ್ಟಿ ಬಡಿಯುತ್ತಿದ್ದಿರಿ. ಮೂರು ವರ್ಷದ ಗೌರಿ ಕಾಲೇಜಿನದೇ ಶಿಶುವಿಹಾರದಲ್ಲಿರುತ್ತಿದ್ದಳು. ಆ ಶಿಶುವಿಹಾರವೇ ನಮಗೆ ಪ್ರಯೋಗಾಲಯ — ಒಬ್ಬೊಬ್ಬ ವಿದ್ಯಾರ್ಥಿನಿಗೆ ಒಂದೊಂದು ಮಗು, ಆ ಮಗುವಿಗೊಂದು ವೀಕ್ಷಣಾ ಪುಸ್ತಕ. ನನ್ನ ಪಾಲಿಗೆ ಬಂದವಳು ಗೌರಿ.

ಆ ಕೋರ್ಸು ನಾನು ಬಯಸಿ ತೆಗೆದುಕೊಂಡದ್ದಲ್ಲ, ಬೇರೆ ಸೀಟು ಸಿಗಲಿಲ್ಲ. "ಅನ್ನಾ ಸಾರು ಮಾಡಾಕ ನಾಕ ವರ್ಷ ಬೇಕೇನವಾ?" ಎಂದು ನಮ್ಮ ಕಾಕಾ ಮದುವೆಮನೆಗಳಲ್ಲಿ ನಾಲ್ಕು ಜನರೆದುರು ನಗುತ್ತಿದ್ದ. ಅವನ ಬಾಯಿ ಮುಚ್ಚಿಸಲೆಂದೇ ವಾದ ಕಲಿತೆ. ಊಟ, ಬಟ್ಟೆ, ಮಗು — ಎಲ್ಲಕ್ಕೂ ಅಳತೆಯಿದೆ, ಪುರಾವೆಯಿದೆ, ಕಣ್ಣಿಟ್ಟು ನೋಡುವುದೇ ನಮ್ಮ ವಿಜ್ಞಾನ ಎಂದು ಚರ್ಚಾಕೂಟಗಳಲ್ಲಿ ಮೇಜು ಕುಟ್ಟಿ ಹೇಳಿದೆ. ಗೆದ್ದೆ. ಗೆಲ್ಲುವ ರುಚಿ ಒಮ್ಮೆ ಹತ್ತಿದರೆ —

ಪುಸ್ತಕದಲ್ಲಿ ಒಂದು ಸಾಲಿತ್ತು: 'ಹಿಂದಿನಿಂದ ಹೆಸರು ಕರೆದರೆ ತಿರುಗುತ್ತಾಳೆ.' ಮೂರು ಬೇರೆ ಬೇರೆ ದಿನ ನೋಡಿ ಮೂರು ಟಿಕ್ ಹಾಕಬೇಕು. ನಾನು ನೋಡಿದ್ದು ಒಂದೇ ದಿನ. ಗೌರಿ ಉಸುಕಿನಲ್ಲಿ ಆಡುತ್ತಿದ್ದಳು. ಬೆನ್ನ ಹಿಂದೆ ನಿಂತು ಕರೆದೆ, ತಿರುಗಿದಳು. ಆದರೆ ಬಿಸಿಲು ನನ್ನ ಬೆನ್ನಿಗಿತ್ತು. ನನ್ನ ನೆರಳು ಅವಳ ಕೈ ಮೇಲೆ ಬಿದ್ದಿತ್ತು, ನೀಲವ್ವಾ. ಅದು ನನಗೆ ಆಗಲೇ ಕಂಡಿತ್ತು. ಉಳಿದೆರಡು ಟಿಕ್ ಬಸ್ಸಿನಲ್ಲಿ ಹಾಕಿದೆ, ಚರ್ಚಾಸ್ಪರ್ಧೆಗೆಂದು ಹುಬ್ಬಳ್ಳಿಗೆ ಹೋಗುವಾಗ.

ಅದಾಗಿ ವಾರದೊಳಗೆ ನೀವೇ ಬಂದಿರಿ, ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡೇ. "ಅಕ್ಕಾರ, ಈಕಿ ಕರದ್ರ ಹೊಳ್ಳಿ ನೋಡಂಗಿಲ್ಲರಿ. ದವಾಖಾನಿಗೆ ತೋರಸ್ಲೇನ್ರಿ?"

ತೋರಿಸಿ ಎಂದರೆ ನನ್ನ ಪುಸ್ತಕ ಸುಳ್ಳಾಗುತ್ತಿತ್ತು. ಅದಕ್ಕೆ ಎದುರುಪಕ್ಷದವರನ್ನು ಕೇಳುವಂತೆ ನಿಮ್ಮನ್ನು ಕೇಳಿದೆ: ಎಷ್ಟು ಸಲ ಕರೆದಿರಿ, ಎಷ್ಟು ದೂರದಿಂದ, ಆಗ ಅವಳು ಆಡುತ್ತಿದ್ದಳೋ ಸುಮ್ಮನಿದ್ದಳೋ. ಉತ್ತರಕ್ಕೂ ಕಾಯದೆ ನಾನು, "ಆಟದಾಗ ಮುಳಗಿದ ಕೂಸು ಯಾರ್ ಕರದ್ರೂ ಹೊಳ್ಳಂಗಿಲ್ರಿ. ಕೇಳಂಗಿಲ್ಲ ಅನ್ನಾಕ ಪುರಾವೆ ಏನೈತಿ? ಇಲ್ನೋಡ್ರಿ, ನಾ ಮೂರ ಸಲ ನೋಡಿ ಬರದೇನಿ" ಎಂದು ಪುಸ್ತಕ ತೆರೆದು ಹಿಡಿದೆ.

ಆ ಮೂರು ಗುರುತು ನೋಡಿ ನಿಮ್ಮ ಮುಖ ಅರಳಿತು. "ಓದಿದವರು ನೀವು. ನೀವು ಹೇಳಿದ್ ಮ್ಯಾಲ ಮುಗೀತ್ ಬಿಡ್ರಿ. ನಮ್ಮತ್ತಿನೂ ನನಗ ಹುಚ್ಚಿ ಅಂತಾಳ."

ಅಷ್ಟು ಸಲೀಸಾಗಿ ನಾನು ಯಾವ ಸ್ಪರ್ಧೆಯನ್ನೂ ಗೆದ್ದಿರಲಿಲ್ಲ. ಮುಂದಿನ ತಿಂಗಳು ನೀವು ತಾರಿಹಾಳದ ಯಾವುದೋ ಕಾರ್ಖಾನೆಗೆ ಸೇರಿಕೊಂಡು ಧಾರವಾಡ ಬಿಟ್ಟಿರಿ. ಪುಸ್ತಕಕ್ಕೆ ನನಗೆ ಒಳ್ಳೆಯ ಅಂಕ ಬಂದವು. ಮಕ್ಕಳ ಬೆಳವಣಿಗೆಯಲ್ಲೇ ಎಂ.ಎಸ್ಸಿ. ಮಾಡಿದೆ, ಅದರಿಂದಲೇ ಈ ಆಸ್ಪತ್ರೆಯ ಕೆಲಸ ಸಿಕ್ಕಿತು. ಈಗ ಕಾಕಾ ನಗುವುದಿಲ್ಲ. ತನ್ನ ಮಗಳಿಗೂ ಇದೇ ಕೋರ್ಸು ಕೊಡಿಸಲೇನು ಎಂದು ನನ್ನನ್ನೇ ಕೇಳುತ್ತಾನೆ.

ಮೊನ್ನೆ ನೀವು ಏಳು ವರ್ಷದ ಗೌರಿಯ ಕೈ ಹಿಡಿದು, ಕಿವಿ ಕೇಳುವುದಿಲ್ಲ ಎಂದು ಬರೆದ ಪರೀಕ್ಷೆಯ ಚೀಟಿ ತೆಗೆದುಕೊಂಡು ಒಳಗೆ ಬಂದಿರಿ. ಕಿವಿ ಕೇಳದ ಮಕ್ಕಳೆದುರು ನಾವು ಮಾಸ್ಕ್ ಹಾಕುವುದಿಲ್ಲ, ಅವರಿಗೆ ನಮ್ಮ ತುಟಿ ಕಾಣಬೇಕು. ನಿಮ್ಮ ಗುರುತು ಹತ್ತಿದೊಡನೆ ಮಾಸ್ಕ್ ಹಾಕಿಕೊಂಡೆ. ನೆಗಡಿ ಎಂದೆ. ನಾನು ಮಾತಾಡಿದಷ್ಟು ಹೊತ್ತೂ ಗೌರಿ ಕತ್ತು ಚಾಚಿ ಆ ಬಟ್ಟೆಯನ್ನೇ ನೋಡುತ್ತಿದ್ದಳು.

ಫಾರ್ಮಿನಲ್ಲಿ ಒಂದು ಪ್ರಶ್ನೆಯಿದೆ — ಅನುಮಾನ ಮೊದಲು ಬಂದದ್ದು ಯಾವಾಗ, ಯಾರಿಗೆ? ಕೇಳಿದೆ. ನೀವು ನೆಲ ನೋಡಿದಿರಿ. "ನಂದ ತಪ್ಪರಿ ಮೇಡಂ. ಲಗೂ ತೋರಸ್ಬೇಕಿತ್ತು. ಮನ್ಯಾಗ ಎಲ್ಲಾರೂ ಅದನ್ನ ಅಂತಾರ." ನನ್ನ ಪೆನ್ನು ನಿಲ್ಲಲಿಲ್ಲ. 'ತಾಯಿ ತಡವಾಗಿ ಕರೆತಂದಿದ್ದಾರೆ' ಎಂದು ಬರೆದೆ. ಅದೇ ಮಗುವಿನ ಬಗ್ಗೆ, ಅದೇ ಕೈಯಿಂದ, ಇನ್ನೊಂದು ಸುಳ್ಳು.

ಹೊರಡುವಾಗ ನೀವು ಬಾಗಿಲಲ್ಲಿ ನಿಂತಿರಿ. "ನಿಮ್ಮ ದನಿ ಎಲ್ಯೋ ಕೇಳೇನಲ್ರಿ, ಅಕ್ಕಾರ." ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವರು — ಅಕ್ಕಾರ ಎಂದಿರಿ. ಇಲ್ಲ ಎಂದು ತಲೆಯಾಡಿಸಿದೆ. ಬಾಯಿ ತೆರೆಯಲು ನಾನು ಹೆದರಿದ್ದು ಅದೇ ಮೊದಲು.

ತಡವಾದಷ್ಟೂ ಮಾತು ಕಲಿಸುವುದು ಕಷ್ಟ. ಇದು ತಂದೆತಾಯಂದಿರಿಗೆ ನಾನು ದಿನವೂ ಹೇಳುವ ಮಾತು. ವಾದಗಳೇನೋ ಹೊಳೆಯುತ್ತವೆ: ನಾನಾಗ ಬರೀ ವಿದ್ಯಾರ್ಥಿನಿ, ಆಮೇಲೆ ಗೌರಿಯನ್ನು ಎಷ್ಟೋ ಜನ ನೋಡಿದ್ದಾರೆ, ಅವರಾದರೂ — ಇಲ್ಲ. ಈ ವಾದ ಬೇರೆ ಯಾರೇ ಹೂಡಿದ್ದರೂ ನಾನು ಎದ್ದು ನಿಂತು ಹರಿದುಹಾಕುತ್ತಿದ್ದೆ.

ಕೆಲಸ ಹೋಗಬಹುದು, ಆ ಹೆದರಿಕೆಯಿದೆ. ನೀವು ಎಲ್ಲರೆದುರು ಕೂಗಾಡಬಹುದು, ಅದೂ ಇದೆ. ಅದಕ್ಕಿಂತ ದೊಡ್ಡ ಹೆದರಿಕೆ — ನೀವು ಏನೂ ಅನ್ನದೆ, ಆವತ್ತು ನನ್ನ ಪುಸ್ತಕ ನೋಡಿದ ಹಾಗೇ ನಂಬಿಕೆಯಿಂದ ನನ್ನ ಮುಖ ನೋಡಿಬಿಟ್ಟರೆ?

ಗುರುವಾರ ನಿಮ್ಮೆದುರೇ ಫಾರ್ಮಿನ ಆ ಸಾಲು ಹೊಡೆದುಹಾಕಿ ಬರೆಯುತ್ತೇನೆ: ಅನುಮಾನ ಬಂದದ್ದು ಮಗುವಿಗೆ ಮೂರು ವರ್ಷವಿದ್ದಾಗ, ತಾಯಿಗೆ, ತಡೆದವಳು ನಾನು. ಬರೆದದ್ದನ್ನು ನಿಮಗೆ ಓದಿ ಹೇಳುತ್ತೇನೆ — ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು, ನಿಧಾನವಾಗಿ, ಮಾಸ್ಕ್ ತೆಗೆದು. ಗೌರಿಗೂ ನನ್ನ ತುಟಿ ಕಾಣಬೇಕು.