ಟೈರು ಸವರಿ ಸ್ಟಿಯರಿಂಗ್ ದೋಷ ಹೇಳುವ ಸತ್ಯಮ್ಮ

ಬೆಳಗಿನ ಐದೂಕಾಲು. ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದ ಮಾನ್ಪಾಡಾ ರಸ್ತೆಯ ಪಂಕ್ಚರ್ ಅಂಗಡಿಯ ಮುಂದೆ ಹದಿನಾಲ್ಕು ವರ್ಷ ಹಳೆಯ ಪಿಕಪ್ ಒಂದು ನಿಂತಿದೆ. ಅದರ ತುಂಬ ದೋಸೆ ಹಿಟ್ಟಿನ ಡ್ರಮ್ಮುಗಳು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟ ಸತ್ಯಮ್ಮ ಮುಂದಿನ ಗಾಲಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು, ಟೈರಿನ ಮೇಲೆ ಅಂಗೈಯನ್ನು ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಸವರುತ್ತಾರೆ. ಇನ್ನೂ ಬೆಳಕಾಗಿಲ್ಲ. ಈ ಕೆಲಸಕ್ಕೆ ಅವರಿಗೆ ಬೆಳಕು ಬೇಕಾಗಿಯೂ ಇಲ್ಲ.

"ಗಾಳಿ ಹಾಕಿ ಬಿಡಿ ಸತ್ಯಕ್ಕ, ಆರೂವರೆಗೆ ಬದಲಾಪುರದ ಹೋಟೆಲಿನಲ್ಲಿ ಕಾವಲಿ ಕಾದಿರ್ತದೆ" ಎಂದು ಗಾಡಿಯ ಮಾಲೀಕ ಮೋಹನದಾಸ ಅವಸರ ಮಾಡುತ್ತಾರೆ. ಕುಂದಾಪುರ ಕಡೆಯವರು. ಇಲ್ಲಿಂದ ಬದಲಾಪುರದವರೆಗಿನ ಹನ್ನೊಂದು ಹೋಟೆಲುಗಳಿಗೆ ದಿನವೂ ಹಿಟ್ಟು ಮುಟ್ಟಿಸುತ್ತಾರೆ.

"ಗಾಡಿ ಒಂದೇ ಕಡೆ ಎಳೀತದೇನ್ರಿ?"

"ಒಂದೇ ಕಡೆ ಎಳೆದರೆ ಸಾಕಿತ್ತು! ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಸ್ಟಿಯರಿಂಗನ್ನು ಸುಮ್ಮನೆ ಬಿಡುವ ಹಾಗೇ ಇಲ್ಲ. ಗ್ಯಾರೇಜಿನವರು ಎರಡು ಸಲ ಅಲೈನ್‌ಮೆಂಟ್ ಮಾಡಿದ್ರು, ಗಾಲಿ ತಿರುಗಿಸುವ ರಾಡ್ ಎಂಡ್ ಹೊಸತು ಹಾಕಿದ್ರು. ಹಳೇ ಗಾಡಿ ಅಲ್ವಾ, ಹೀಗೇ ಅಂದ್ರು."

ಸತ್ಯಮ್ಮ ಟಾರ್ಚು ಹಿಡಿದು ಗಾಡಿಯ ಕೆಳಗೆ ನುಸುಳುತ್ತಾರೆ.

ಸತ್ಯಮ್ಮನಿಗೆ ಈಗ ನಲವತ್ಮೂರು ವರ್ಷ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು. 2001ರಲ್ಲಿ ಗಂಡ ಗುರುನಾಥ ಗೋದಾಮಿನ ಹಮಾಲಿಗೆಂದು ಡೊಂಬಿವಲಿ ಪಕ್ಕದ ಕಲ್ಯಾಣಕ್ಕೆ ಬಂದಾಗ ಜೊತೆಗೇ ಬಂದರು. ಉಲ್ಹಾಸನಗರದಲ್ಲಿ ಹಳೇ ಟೈರಿಗೆ ಹೊಸ ರಬ್ಬರು ಹಚ್ಚುವ ಕಾರ್ಖಾನೆಯೊಂದಿತ್ತು. ಅಲ್ಲಿ ಬಂದ ಟೈರುಗಳಲ್ಲಿ ಕೆಲಸಕ್ಕೆ ಬರುವುದನ್ನೂ ಬಾರದ್ದನ್ನೂ ಬೇರೆ ಬೇರೆ ರಾಶಿ ಹಾಕುವುದು ಇವರ ಕೆಲಸ. ಆರು ವರ್ಷ ಅದನ್ನೇ ಮಾಡಿದರು. ಒಂದು ಟೈರು ಒಳಅಂಚಿನಲ್ಲಷ್ಟೇ ಸವೆದಿದೆ, ಇನ್ನೊಂದು ಗೇಣು ಗೇಣಿಗೆ ಕುಳಿ ಬಿದ್ದಿದೆ, ಮತ್ತೊಂದನ್ನು ಸವರಿದರೆ ಗರಗಸದ ಹಲ್ಲು. ಯಾಕೆ ಹೀಗೆ ಎಂದು ಅಲ್ಲಿಯ ಮುದುಕ ಮೇಸ್ತ್ರಿಯನ್ನು ಕೇಳುತ್ತ ಹೋದರು. ಒಳಅಂಚು ಸವೆದರೆ ಗಾಲಿ ವಾಲಿದೆ, ಕುಳಿ ಬಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಹಲ್ಲು ಎದ್ದರೆ ಗಾಲಿಗಳು ನೇರ ನೋಡುತ್ತಿಲ್ಲ ಎಂದು ಆತ ಬಿಡಿಸಿ ಹೇಳುತ್ತಿದ್ದ.

2007ರಲ್ಲಿ ಗುರುನಾಥ ಪಂಕ್ಚರ್ ಅಂಗಡಿ ಹಾಕಿದರು. ಸತ್ಯಮ್ಮ ಕಾರ್ಖಾನೆ ಬಿಟ್ಟು ಅಂಗಡಿ ಸೇರಿದರು. ಕೈಗೆ ತಿಳಿದದ್ದನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಂಗಸಿನ ಮಾತನ್ನು ಯಾವ ಡ್ರೈವರ್ ಕೇಳುತ್ತಾನೆ ಎಂಬ ಅನುಮಾನ. ಎರಡು ವರ್ಷದ ಬಳಿಕ ಈರುಳ್ಳಿ ತುಂಬಿದ ಪಿಕಪ್ ಒಂದು ಬಂತು. ಟೈರಿನ ಒಳಅಂಚು ದಾರ ಕಾಣುವಷ್ಟು ಸವೆದಿತ್ತು. ಇವರು ನೋಡಿದರು, ಪಂಕ್ಚರ್ ಹಾಕಿದರು, ಸುಮ್ಮನಾದರು. ಮೂರನೆಯ ದಿನ ಸುದ್ದಿ ಬಂತು: ಗಾಲಿಯ ಕೀಲು ಕಳಚಿ ಗಾಡಿ ಹಳ್ಳಕ್ಕೆ ಬಿದ್ದಿದೆ, ಡ್ರೈವರನ ಕಾಲು ಮುರಿದಿದೆ.

"ಈಗೂ ಕುಂಟತಾನ್ರಿ ಆ ಮನುಷ್ಯಾ. ನನಗ ಮೊದಲ ಗೊತ್ತಿತ್ತು ಅನ್ನೂದು ಅವಗ ಗೊತ್ತಿಲ್ಲ. ಅವತ್ತಿನಿಂದ ಯಾರು ಕೇಳ್ಲಿ ಬಿಡ್ಲಿ, ಹೇಳೇಬಿಡ್ತೀನಿ" ಎನ್ನುತ್ತಾರೆ ಸತ್ಯಮ್ಮ. ದನಿ ಏರುವುದಿಲ್ಲ.

ಗಾಡಿಯ ಕೆಳಗಿಂದ ಈಗ ಅವರ ದನಿ ಬರುತ್ತದೆ. "ಸ್ಟಿಯರಿಂಗ್ ಸ್ವಲ್ಪ ಎಡಕ್ಕ ತಿರುಗಸ್ರಿ. ಈಗ ಬಲಕ್ಕ. ಸಾಕು." ಹೊರಬಂದು ಕೈ ಒರೆಸಿಕೊಳ್ಳುತ್ತಾರೆ. "ಟೈರಿಗೆ ಹಲ್ಲು ಎದ್ದಾವ, ಆದ್ರ ರಾಡ್ ಎಂಡ್ ಚಲೋ ಅದಾವ. ಸ್ಟಿಯರಿಂಗ್ ಬಾಕ್ಸ್ ಕುಂತ ಜಾಗಾದಾಗ ಗಾಡಿ ತಳದ ಚಾಸಿ ಕಬ್ಬಿಣ ಸೀಳೇದ. ನೀವು ತಿರುಗಿಸಿದ್ರ ಮೊದಲು ಬಾಕ್ಸೇ ಅಲಗಾಡ್ತದ, ಆಮ್ಯಾಲೆ ಗಾಲಿ ತಿರಗ್ತಾವ. ಈ ಗಾಡಿ ಹೊರಗ ಒಯ್ಯಬ್ಯಾಡ್ರಿ, ಅಣ್ಣಾ."

ಮೋಹನದಾಸರ ಮುಖ ಕೆಂಪಾಗುತ್ತದೆ. "ಎಂತ ಮಾತು ಮಾರಾಯ್ರೆ! ಇಷ್ಟು ಹಿಟ್ಟನ್ನು ನಾನು ತಲೆ ಮೇಲೆ ಹೊತ್ತುಕೊಂಡು ಹೋಗಲಾ? ಗ್ಯಾರೇಜಿನವರಿಗೆ ಕಾಣದ್ದು ನಿಮಗೆ ಕಂಡಿತಾ?"

ಅಂಗಡಿಯೊಳಗಿಂದ ಬಂದ ಗುರುನಾಥರೂ ಮೆಲ್ಲಗೆ, "ಹೋಗ್ಲಿ ಬಿಡು, ಗಿರಾಕಿ ಕಳಕೋತೀವಿ" ಎನ್ನುತ್ತಾರೆ. ಸತ್ಯಮ್ಮ ಒಂದು ತುಂಡು ಸೀಮೆಸುಣ್ಣ ತೆಗೆದುಕೊಂಡು ಮತ್ತೆ ಕೆಳಗೆ ಹೋಗುತ್ತಾರೆ. ಸೀಳಿಗೆ ಅಡ್ಡಲಾಗಿ ಒಂದು ಗೆರೆ ಎಳೆದು ಬರುತ್ತಾರೆ. "ನೀವ ನೋಡ್ರಿ. ಇವರು ತಿರುಗಸ್ತಾರ."

ಬಿಳಿ ಅಂಗಿಯ ಮೋಹನದಾಸ ಗೊಣಗುತ್ತಲೇ ರಸ್ತೆಯ ಮೇಲೆ ಮಲಗುತ್ತಾರೆ. ಗುರುನಾಥ ಸ್ಟಿಯರಿಂಗ್ ಅಲುಗಿಸುತ್ತಾರೆ. ಒಂದೇ ಗೆರೆ ಎರಡಾಗಿ ಒಂದು ತುಂಡು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಸರಿಯುತ್ತದೆ. ಮತ್ತೆ ಕೂಡುತ್ತದೆ. ಮತ್ತೆ ಸರಿಯುತ್ತದೆ.

ಎದ್ದು ಬಂದ ಮೋಹನದಾಸ ಅಂಗಿಯ ಧೂಳು ಕೊಡವುತ್ತಾರೆ. "ನಿನ್ನೆ ಹೆಂಡತಿಯನ್ನೂ ಮಗಳನ್ನೂ ಕೂರಿಸಿಕೊಂಡು ಪನವೇಲಿಗೆ ಹೋಗಿ ಬಂದೆ" ಎಂದಷ್ಟೇ ಹೇಳಿ, ಬಾಡಿಗೆ ಟೆಂಪೋಗೆ ಫೋನು ಹಚ್ಚುತ್ತಾರೆ. ಅಂದು ಬದಲಾಪುರದ ಎರಡು ಹೋಟೆಲುಗಳಲ್ಲಿ ಬೆಳಿಗ್ಗೆ ದೋಸೆ ಇಲ್ಲ, ಉಪ್ಪಿಟ್ಟು. ಪಿಕಪ್ಪನ್ನು ಉಲ್ಹಾಸನಗರದ ವರ್ಕ್‌ಶಾಪಿಗೆ ಎಳೆದೊಯ್ಯುತ್ತಾರೆ. ಬಾಕ್ಸು ಬಿಚ್ಚಿ, ಸೀಳಿಗೆ ದಪ್ಪ ಕಬ್ಬಿಣದ ಪಟ್ಟಿ ಕೊಟ್ಟು ಬೆಸೆಯಲು ನಾಲ್ಕು ದಿನ ಹಿಡಿಯುತ್ತದೆ. ಐದನೆಯ ದಿನ ಗಾಡಿ ಅಂಗಡಿಯ ಮುಂದೆ ನಿಂತಾಗ ಮೋಹನದಾಸ ಇಳಿದು, "ಈಗ ಹೇಳಿದ ಕಡೆಗೇ ಹೋಗ್ತದೆ ಸತ್ಯಕ್ಕ" ಎನ್ನುತ್ತಾರೆ.

ದಿನಕ್ಕೆ ಹತ್ತರಿಂದ ಹದಿನೈದು ಗಾಡಿಗಳು ಇವರ ಕೈಗೆ ಬರುತ್ತವೆ. ಅವುಗಳಲ್ಲಿ ಐದಾರಕ್ಕೆ ಬೇಕಿರುವುದು ಬರೀ ಗಾಳಿ; ಎರಡು ಗಾಲಿಗಳ ಗಾಳಿ ಹೆಚ್ಚುಕಮ್ಮಿಯಾಗಿ ಗಾಡಿ ಎಳೆಯುತ್ತಿರುತ್ತದೆ. ಆದ್ದರಿಂದ ಏನೇ ದೂರು ಬಂದರೂ ಮೊದಲು ಗಾಳಿ ಅಳೆಯುತ್ತಾರೆ. ಬ್ರೇಕು ಒತ್ತಿದಾಗ ಮಾತ್ರ ಎಳೆದರೆ ಸ್ಟಿಯರಿಂಗ್ ಬಿಟ್ಟು ಬ್ರೇಕು ನೋಡಿಸಿರಿ ಎಂದು ಕಳಿಸುತ್ತಾರೆ. ಬಿಚ್ಚುವ, ಬೆಸೆಯುವ ಕೆಲಸಕ್ಕೆ ಕೈ ಹಾಕುವುದಿಲ್ಲ. ತಪ್ಪಿದ್ದೂ ಉಂಟು. ಒಮ್ಮೆ ಬೇರಿಂಗಿನ ಸಡಿಲನ್ನು ಕೀಲಿನದೆಂದು ಹೇಳಿ, ಆಮೇಲೆ ಡ್ರೈವರನ ಮನೆಗೇ ಹೋಗಿ ತಪ್ಪೊಪ್ಪಿಕೊಂಡು ಬಂದಿದ್ದಾರೆ. ಸುತ್ತಲಿನ ಮರಾಠಿ ಡ್ರೈವರುಗಳ ಬಾಯಲ್ಲಿ ಅವರು "ಟೈರ್‌ವಾಲಿ ಮಾವಶಿ", ಅಂದರೆ ಟೈರಿನ ಚಿಕ್ಕಮ್ಮ. ಅಂಗಡಿಯ ಬೋರ್ಡಿನಲ್ಲಿ ಅವರ ಹೆಸರಿಲ್ಲ. ಬರೆಸಬೇಕೆಂದು ಅವರಿಗೆ ಅನಿಸಿಯೂ ಇಲ್ಲ.

ಏನು ಆಸೆ ಇದೆ ಎಂದು ಕೇಳಿದರೆ ಗಾಳಿ ತುಂಬುವ ಕಂಪ್ರೆಸರ್ ಆರಿಸಿ, ನಾಚಿಕೊಂಡೇ ಹೇಳುತ್ತಾರೆ:

"ಡ್ರೈವಿಂಗ್ ಕಲೀಬೇಕ್ರಿ. ಕೆಟ್ಟ ಗಾಡಿ ಹ್ಯಾಂಗಿರ್ತದ ಅನ್ನೂದು ಈ ಕೈಗೆ ಗೊತ್ತದ. ಚಲೋ ಗಾಡಿ ರಸ್ತಾದ ಮ್ಯಾಲ ಸರಳ ಹೊಂಟಾಗ ಕೈಗೆ ಹ್ಯಾಂಗ ಅನಸ್ತದ, ಅದೊಂದು ಗೊತ್ತಿಲ್ಲ."