ಬೀಗರೂಟದ ವೇತನ ಆಯೋಗ

ಯಾವ ಕೆಲಸಕ್ಕೆ ಸಮಾಜ ಹೆಚ್ಚು ಸಂಬಳ, ಹೆಚ್ಚು ಮರ್ಯಾದೆ ಕೊಡಬೇಕು ಎಂಬ ಬಗ್ಗೆ ಎಂ.ಎ. ಓದುವಾಗ ಒಂದು ಉದ್ದನೆಯ ಪ್ರಬಂಧ ಬರೆದಿದ್ದೆ. ನರ್ಸುಗಳು, ಶಾಲೆಯ ಮೇಷ್ಟ್ರುಗಳು, ಪೌರಕಾರ್ಮಿಕರು ಎಂದೆಲ್ಲ ವಾದಿಸಿದ್ದೆ. ಪ್ರಾಧ್ಯಾಪಕರು ಬಹಳ ಹೊಗಳಿದರೆಂದು ನೆನಪು. ನನಗೆ ಅಂಕ ಕೊಡುವಾಗ ನನ್ನ ನೆನಪಿನ ಕೈ ಯಾವತ್ತೂ ಧಾರಾಳ. ಅಷ್ಟೊಂದು ಹಾಳೆ ಸುಮ್ಮನೆ ಹಾಳು ಮಾಡಿದೆ. ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಮದುವೆಯಾದ ಮೇಲಿನ ಬೀಗರೂಟಕ್ಕೆ ಹೋದರೆ ಸಾಕು. ಮೊದಲ ಪಂಕ್ತಿಗೆ ಯಾರನ್ನು ಕೈಹಿಡಿದು ಎಳೆದು ಕೂರಿಸುತ್ತಾರೆ ನೋಡಿಕೊಂಡರೆ ಆಯಿತು.

ಹೋದ ವರ್ಷ ಚನ್ನರಾಯಪಟ್ಟಣದಲ್ಲಿ ಮಾವನ ಮಗನ ಬೀಗರೂಟ. ನನ್ನ ಅಕ್ಕ ಹಾಸನದ ಆಸ್ಪತ್ರೆಯೊಂದರಲ್ಲಿ ನರ್ಸು. ಅವತ್ತು ಅವಳಿಗೆ ಮಧ್ಯಾಹ್ನದ ಪಾಳಿ. ಬೇಗ ಉಂಡು ಬಸ್ಸು ಹತ್ತಬೇಕು, ಇಲ್ಲದಿದ್ದರೆ ರಾತ್ರಿಯವರೆಗೆ ಹೊಟ್ಟೆಗೆ ಏನೂ ಇಲ್ಲ. ಮೊದಲ ಪಂಕ್ತಿಯಲ್ಲಿ ರಸ್ತೆ ಗುತ್ತಿಗೆದಾರರು, ಬಡ್ಡಿ ವ್ಯವಹಾರದವರು, ಅಂತೂ ದೇಶ ಕಟ್ಟುವವರೆಲ್ಲ ಸಾಲಾಗಿ ಕೂತಿದ್ದರು. ಅಕ್ಕ ನಮ್ಮ ಪದ್ಧತಿಯಂತೆ ಒಬ್ಬರ ಕುರ್ಚಿಯ ಹಿಂದೆ ನಿಂತು, ಅವರು ಮಜ್ಜಿಗೆ ಮುಗಿಸುವುದನ್ನೇ ಕಾದು, ಎದ್ದ ಕೂಡಲೇ ಕೂತಳು. ಹೊಸ ಎಲೆ ಬಂತು, ಮುದ್ದೆ ಬಂತು, ಸಾರೂ ಬಂತು.

ಅಷ್ಟರಲ್ಲಿ ಮಾವ ಒಬ್ಬರನ್ನು ಕರೆತಂದರು. ಹಾಸನದ ವಿಮಾನ ನಿಲ್ದಾಣ ಆಗುತ್ತಿರುವ ಬೂವನಹಳ್ಳಿ ಕಡೆ ಜಮೀನು ಮಾರಿಸಿಕೊಡುವ ದಲ್ಲಾಳಿ. ಅಲ್ಲಿ ವಿಮಾನ ಇನ್ನೂ ಇಳಿದಿಲ್ಲ, ಇವರು ಆಗಲೇ ಹಾರಾಡುತ್ತಿದ್ದರು.

"ಎದ್ದೇಳವ್ವ, ಸಾವ್ಕಾರ್ರು ಬಂದವ್ರೆ. ನೀನು ಮನೆಮಗಳು, ಆಮೇಲ್ ಉಂಡ್ರಾಯ್ತು," ಎಂದರು ಮಾವ.

"ಡ್ಯೂಟಿಗೆ ಓಗ್ಬೇಕು ಮಾವ."

"ಅಯ್ಯ, ಸೂಜಿ ಚುಚ್ಚೋದು ಒಂದರ್ಧ ಗಂಟೆ ತಡ ಆದ್ರೆ ಯಾರೂ ಸಾಯಕಿಲ್ಲ ಕಣವ್ವ. ಏಳು ಏಳು."

ಅಕ್ಕ ಏಳುತ್ತಾಳೆ ಎಂದೇ ಅಂದುಕೊಂಡೆ. ಅವಳು ಮುದ್ದೆ ಮುರಿದು, ಸಾರಿಗೆ ಅದ್ದಿ, ಒಂದು ತುತ್ತು ಬಾಯಿಗಿಟ್ಟಳು. ನುಂಗಿ ಹೇಳಿದಳು:

"ಎಲೆ ಎಂಜಲಾಯ್ತಲ್ಲ ಮಾವ. ಎಂಜಲೆಲೆ ಮುಂದೆ ಸಾವ್ಕಾರ್ರನ್ನ ಕೂರುಸ್ತೀರಾ?"

ಮಾವ ಆಚೆ ಈಚೆ ನೋಡಿದರು. ಬೇರೆ ಕುರ್ಚಿ ಒಂದೂ ಖಾಲಿ ಇರಲಿಲ್ಲ.

"ಉಣ್ಲಿ ಬುಡಿ, ನಿಂತ್ಕತೀನಿ," ಎಂದ ದಲ್ಲಾಳಿ ಅಕ್ಕನ ಕುರ್ಚಿಯ ಬೆನ್ನು ಹಿಡಿದು ನಿಂತರು, ಬೇರೆ ಯಾರಾದರೂ ಬಂದು ಹಿಡಿದಾರೆಂದು.

"ಅಣ್ಣ, ಇನ್ನೊಂದರ್ಧ ಮುದ್ದೆ ಬುಡು," ಎಂದಳು ಅಕ್ಕ, ಬಡಿಸುವವನಿಗೆ.

ಆಗ ಅವಳು ಗೆದ್ದವಳ ಹಾಗೆ ನಕ್ಕಳೆಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಅವಳ ಎದುರಿಗೇ ಹೇಳಿದೆ.

"ನಗಕ್ಕೆ ಎಲ್ಲಿತ್ಲಾ ಪುರ್ಸೊತ್ತು?" ಎಂದಳು. "ಬಸ್ಸು ಬುಟ್ಟೋಗ್ತಿತ್ತು."