ಅಕ್ಕನ ಮಾತು ಸಿನಿಮಾಕ್ಕೆ ಹೋಯ್ತು

ಮೊದ್ಲೇ ಒಪ್ಕೊಂಡ್ಬುಡ್ತೀನಿ. ನಮ್ಮಕ್ಕನ ದನಿ ಹೋಗೋಕೆ ಕಾರಣ ವೈರಸ್ಸಲ್ಲ, ತಣ್ಣೀರಲ್ಲ, ಯಾರ ಕಣ್ಣೂ ಬಿದ್ದಿದ್ದಲ್ಲ. ನಾನು. ಬರಲ್ಲ ಅಂದೋಳ್ನ ಕಾಡಿ ಬೇಡಿ ಸಿನಿಮಾಕ್ಕೆ ಕರ್ಕೊಂಡೋದ ಮಹಾನುಭಾವ ನಾನೇ.

ಯಾಕಂದ್ರೆ ಆ ಸಿನಿಮಾದಲ್ಲಿ ನಾನು ಆಕ್ಟ್ ಮಾಡಿದ್ದೆ. ಪಾತ್ರ, ಹೆಣ. ಬಾಯ್ಲರ್ ಸಿಡಿದ ಮೇಲೆ ಸಾಲಾಗಿ ಮಲಗಿಸ್ತಾರಲ್ಲ, ಅದ್ರಲ್ಲಿ ಎಡಗಡೆಯಿಂದ ಮೂರನೇದು. ಮೂಗಿನ ಮೇಲೆ ನೊಣ ಕೂತು ಏಳು ಟೇಕ್ ಆಯ್ತು. ಡೈರೆಕ್ಟ್ರು ಮೈಕಲ್ಲೇ "ಆ ಹೆಣಕ್ಕೆ ಯಾರಾದ್ರೂ ಬುದ್ಧಿ ಹೇಳ್ರಪ್ಪ" ಅಂದ್ರು. ಇಷ್ಟು ದೊಡ್ಡ ಕಲಾವಿದ ಮನೇಲಿರ್ಬೇಕಾದ್ರೆ ಸ್ವಂತ ಅಕ್ಕ ನೋಡ್ದೆ ಇರೋದಾ ಅನ್ನೋದು ನನ್ನ ಲೆಕ್ಕಾಚಾರ.

ಆದ್ರೆ ಆ ಬಾಯ್ಲರ್ ನಿಜವಾಗ್ಲೂ ಸಿಡಿದಿತ್ತು. ಎರಡು ವರ್ಷದ ಹಿಂದೆ, ನಮ್ಮ ರಾಮನಗರದಲ್ಲೇ, ಅಕ್ಕ ಕೆಲ್ಸ ಮಾಡ್ತಿದ್ದ ರೇಷ್ಮೆ ರೀಲಿಂಗ್ ಯೂನಿಟ್ಟಲ್ಲಿ. ಸಿನಿಮಾದಲ್ಲಿ ಹದಿನೆಂಟು ಹೆಣ ಮಲಗಿಸವ್ರೆ. ನಿಜದಲ್ಲಿ ಹೋಗಿದ್ದು ಮೂರು ಜನ. ಅಕ್ಕನ ಎಡಗೈ ಮೊಣಕೈವರ್ಗೂ ಸುಟ್ಟೋಯ್ತು. ಅವಳ ಪಕ್ಕದ ಬೇಸಿನ್ನಲ್ಲಿ, ಅಂದ್ರೆ ಗೂಡು ಬೇಯಿಸೋ ಬಿಸಿನೀರಿನ ತೊಟ್ಟೀಲಿ, ನೂಲು ತೆಗೀತಿದ್ದ ಗೆಳತಿ ರತ್ನ ಉಳೀಲಿಲ್ಲ.

ಮೂರು ದಿನ ಅಕ್ಕನ ಹಿಂದೆ ಬಿದ್ದೆ. "ಹೆಸ್ರೆಲ್ಲ ಬದಲಾಯಿಸವ್ರೆ ಕಣಕ್ಕ. ಹೀರೋಯಿನ್ನು ಹಾಲಿನಂಗೆ ಬೆಳ್ಳಗವ್ಳೆ. ನಿಂಗೂ ಅದಕ್ಕೂ ಸಂಬಂಧವೇ ಇಲ್ಲ."

"ನಿನ್ನ ಹೆಣ ನಾನ್ಯಾಕ್ಲಾ ನೋಡ್ಲಿ, ಬಿಡ್ತು ಅನ್ನು" ಅಂದ್ಲು.

ಆದ್ರೂ ಬಂದ್ಲು. ತಮ್ಮ ಅಂತ. ಕಲೆ ಕಾಣ್ದಂಗೆ ಉದ್ದ ತೋಳಿನ ರವಿಕೆ ಹಾಕ್ಕೊಂಡು, ಮಲ್ಲಿಗೆ ಮುಡ್ಕೊಂಡು ಬಂದ್ಲು.

ಮೊದ್ಲು ಚೆನ್ನಾಗೇ ನೋಡ್ತಿದ್ಲು. ಗೂಡು ಬೇಯಿಸಿ ಎಳೆ ತೆಗೆಯೋ ಸೀನಲ್ಲಿ ನನ್ನ ಕಿವೀಲಿ, "ಆ ಬೆರಳು ನೋಡ್ಲಾ, ಬಿಸಿನೀರೇ ಕಂಡಿಲ್ಲ, ಇನ್ನು ಎಳೆ ಎಲ್ಲಿ ಸಿಕ್ಕಾತು" ಅಂದು ನಕ್ಕಿದ್ಲು. ಆಮೇಲೆ ಚಳಿಗಾಲದ ಬೆಳಗ್ಗೆಯ ಸೀನು. ಹೀರೋಯಿನ್ನಿನ ಗೆಳತಿಗೆ ಜ್ವರ, ಗಡಗಡ ನಡುಗ್ತಾವ್ಳೆ. ಹೀರೋಯಿನ್ನು ತನ್ನ ಬೇಸಿನ್ ಬಿಟ್ಟು ಎದ್ದು ಹೇಳ್ತಾಳೆ, "ನನ್ನ ಜಾಗಕ್ಕೆ ಬಾರೆ. ಇಲ್ಲಿ ಬೆಚ್ಚಗೈತೆ."

ಅದು ಅಕ್ಕನ ಮಾತು.

ಅಕ್ಷರಕ್ಕೆ ಅಕ್ಷರ ಅವಳದೇ.

ಅಕ್ಕಂದು ಬಾಯ್ಲರ್ ಗೋಡೆಗೆ ಒತ್ಕೊಂಡಿದ್ದ ಬೇಸಿನ್ನು. ಅವತ್ತು ರತ್ನಂಗೆ ಚಳಿ ಅಂತ ಜಾಗ ಬಿಟ್ಟುಕೊಟ್ಲು. ಅರ್ಧ ಗಂಟೆ ಆದ್ಮೇಲೆ ಆ ಗೋಡೇನೇ ಇರ್ಲಿಲ್ಲ. ಇದನ್ನ ಅಕ್ಕ ಪೊಲೀಸ್ನೋರಿಗೆ ಹೇಳ್ಲಿಲ್ಲ, ಅಮ್ಮಂಗೆ ಹೇಳ್ಲಿಲ್ಲ, ರತ್ನನ ತಾಯಿಗಂತೂ ಹೇಳೋ ಧೈರ್ಯವೇ ಬರ್ಲಿಲ್ಲ. ಬರ್ನ್ಸ್ ವಾರ್ಡಲ್ಲಿ ಡ್ರೆಸ್ಸಿಂಗ್ ಬಿಚ್ಚೋವಾಗ ನೋವು ತಡೀಲಾರ್ದೆ ನನ್ನ ಕೈ ಹಿಸುಕ್ತಾ, ನಂಗೊಬ್ಬಂಗೆ ಹೇಳಿದ್ಲು.

ನಾನು ಅದನ್ನ ಸಿನಿಮಾದೋರಿಗೆ ಹೇಳಿದ್ದೆ. ಲೊಕೇಶನ್ ನೋಡೋಕೆ ಬಂದ ಅಸೋಸಿಯೇಟ್ ಡೈರೆಕ್ಟ್ರು ಟೀ ಕೊಡಿಸಿ, "ನಿಮ್ಮ ಸಿಸ್ಟರ್ ಅಲ್ಲೇ ಇದ್ರಂತಲ್ಲ ಬ್ರದರ್" ಅಂದ್ರು. ಅಷ್ಟು ಸಾಕಾಯ್ತು ನಂಗೆ. ಬೆಂಚು ಬಿಟ್ಟು ಎದ್ದೆ. ಅಕ್ಕನ ದನೀಲೂ ಮಾತಾಡ್ದೆ, ರತ್ನನ ದನೀಲೂ ಮಾತಾಡ್ದೆ, ನಡುಗಿ ತೋರಿಸ್ದೆ. ಅವ್ರು ಬರ್ಕೊಂಡ್ರು. ಹೆಣದ ಪಾರ್ಟು ಹಂಗೇ ಸಿಕ್ಕಿದ್ದು. ಅದು ಸಿನಿಮಾದಲ್ಲಿ ಬತ್ತದೆ ಅನ್ನೋದು ನನ್ನ ತಲೆಗೇ ಹೋಗ್ಲಿಲ್ಲ. ಮತ್ಯಾಕ್ಲಾ ಬರ್ಕೋತಾರೆ, ಮನೇಲಿ ಸೋಪ್ ಲಿಸ್ಟ್ ಮಾಡೋಕಾ?

ಥಿಯೇಟರಲ್ಲಿ ಅಕ್ಕ ನನ್ನ ಮುಂಗೈ ಹಿಡ್ಕೊಂಡ್ಲು. ಬಾಯಿ ತೆರೆದ್ಲು. ತುಟಿ ಅಲ್ಲಾಡ್ತು.

ದನಿ ಬರ್ಲಿಲ್ಲ.

ನಾನು ಪಾಪ್‌ಕಾರ್ನ್ ಸಿಕ್ಕಾಕೊಂಡೈತೆ ಅಂದ್ಕೊಂಡು ಬೆನ್ನಿಗೆ ದಬದಬ ಗುದ್ದಿದೆ. ಹಿಂದಿನ ಸೀಟೋನು "ಲೇ, ಹೆಣ್ಣುಮಕ್ಕಳ ಮೇಲೆ ಕೈ ಮಾಡ್ತೀಯೇನ್ಲಾ" ಅಂತ ನನ್ನ ಕಾಲರ್ ಹಿಡ್ದ. ಆ ಗಲಾಟೇಲಿ ಅಕ್ಕ ಎದ್ದು ಬಾಗಿಲಿಗೆ ಹೋಗಿದ್ಲು. ನನ್ನ ಹೆಣ ಇವತ್ತಿಗೂ ನಾನು ನೋಡಿಲ್ಲ.

ಆಸ್ಪತ್ರೇಲಿ ಇಎನ್‌ಟಿ ಡಾಕ್ಟ್ರು ಸ್ಕೋಪ್ ಬಿಟ್ಟು ನೋಡಿದ್ರು. ವೋಕಲ್ ಕಾರ್ಡ್ಸ್ ನಾರ್ಮಲ್. ಊತ ಇಲ್ಲ, ಗಂಟಿಲ್ಲ. ಕೆಮ್ಮಿ ಅಂದ್ರೆ ಕೆಮ್ಮಲ್ಲಿ ಶಬ್ದ ಐತೆ, ಹೆಸರು ಹೇಳಿ ಅಂದ್ರೆ ಬರೀ ಗಾಳಿ.

"ಇದು ನಾಟಕ ಅಲ್ಲ, ಅದನ್ನ ತಿಳ್ಕೊಳ್ಳಿ. ದೊಡ್ಡ ಶಾಕ್ ಆದಾಗ ಹಿಂಗಾಗ್ತದೆ. ಅಫೋನಿಯಾ ಅಂತೀವಿ. ಏನಾಯ್ತು ಇವ್ರಿಗೆ?" ಅಂತ ನನ್ನ ಕಡೆ ತಿರುಗಿದ್ರು.

"ಪಿಚ್ಚರ್ ನೋಡ್ತಿದ್ವಿ ಸಾರ್" ಅಂದೆ ಅಷ್ಟೆ.

ಹೊರಗೆ ಬೆಂಚಲ್ಲಿ ನನ್ನ ಪಕ್ಕದಲ್ಲೇ ಕೂತ ಅಕ್ಕ ಫೋನ್ ತೆಗೆದು ಟೈಪ್ ಮಾಡಿದ್ಲು. ನನ್ನ ಜೇಬಲ್ಲಿ ಟಣ್ ಅಂತು.

"ಹೇಳಿದ್ದು ನೀನಾ?"

ನಂಗೆ ಬಾಯಿತ್ತು. ಆದ್ರೂ ಟೈಪೇ ಮಾಡ್ದೆ. "ಹೂಂ."

ಅಕ್ಕ ಫೋನ್ ಆಫ್ ಮಾಡಿ ಗೋಡೆ ಕಡೆ ತಿರುಗಿದ್ಲು.

ಅಲ್ಲಿಂದಾಚೆ ಮನೆ ಮನೆಯಾಗಿ ಇರ್ಲಿಲ್ಲ. ಅಮ್ಮ ಅಕ್ಕಂಗೆ ಮೂರು ಹೊತ್ತೂ ಮೆಣಸಿನ ಕಷಾಯ ಕುಡಿಸ್ತಾ ಇದ್ಲು, ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದು ನಮ್ಮೆಲ್ರಿಗೂ ಕೆಮ್ಮು ಬರಿಸಿದ್ಲು. ಅಕ್ಕಂಗೆ ಏನಾದ್ರೂ ಬೇಕಾದ್ರೆ ಲೋಟ ಕುಟ್ಟೋಳು. ಅಮ್ಮ ಬಂದ್ರೆ ಸುಮ್ನಾಗೋಳು, ನಾನು ಬಂದ್ರೆ ಇನ್ನೂ ಜೋರಾಗಿ ಕುಟ್ಟೋಳು, ಹೋಗು ಅಂತ. ಕೆಲ್ಸಕ್ಕೆ ಹೋಗೋದು ಬಿಟ್ಲು. ಸುಟ್ಟ ಗಾಯ ವಾಸಿ ಮಾಡ್ಕೊಂಡು, ಎರಡು ವರ್ಷದಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಮತ್ತೆ ಬಿಸಿನೀರಿಗೆ ಕೈ ಹಾಕೋವಷ್ಟು ಗಟ್ಟಿಯಾಗಿದ್ದೋಳ್ನ ನಾನು ಒಂದು ಮ್ಯಾಟಿನಿಯಲ್ಲಿ ವಾರ್ಡಿನ ಮಂಚಕ್ಕೆ ವಾಪಸ್ ಮಲಗಿಸ್ದಂಗಾಯ್ತು.

ಟೀ ಅಂಗಡೀಲಿ ಇದೇ ವಾದ. ನನ್ನ ದೋಸ್ತ್ ಸೀನ, "ಮಾಡ್ಲೇಬೇಕು ಕಣ್ಲಾ ಇಂಥ ಪಿಚ್ಚರು. ಇಲ್ದಿದ್ರೆ ಆ ಬಾಯ್ಲರ್ ಯಾರು ಜ್ಞಾಪಕ ಇಟ್ಕೋತಾರೆ? ನಮ್ಮ ಯೂನಿಟ್ಟಲ್ಲಿ ಮೊನ್ನೆ ವಾಲ್ವ್ ಚೆಕ್ ಮಾಡ್ಸಿದ್ರು, ಗೊತ್ತಾ?" ಅಂದ. ಅದು ಸುಳ್ಳಲ್ಲ. ವಾಲ್ವ್ ಸರಿಯಾಗಿದ್ರೆ ಇನ್ನೊಬ್ಬರ ಮನೆ ಮಗಳು ಉಳೀತಾಳೆ. ಆದ್ರೆ ವಾಲ್ವ್ ಚೆಕ್ ಮಾಡ್ಸೋಕೆ ನಮ್ಮಕ್ಕ ಯಾರಿಗೆ ಯಾವ ಜಾಗ ಕೊಟ್ಲು ಅನ್ನೋದು ಊರಿಗೆಲ್ಲ ಗೊತ್ತಾಗ್ಬೇಕಿತ್ತಾ? ಎಲ್ಲಿವರ್ಗೂ ಎಲ್ರ ಕಥೆ, ಎಲ್ಲಿಂದ ಒಬ್ಬಳ ಗಾಯ ಅಂತ ಗೆರೆ ಎಳೆಯೋಕೆ ನಂಗೆ ಬರಲ್ಲ. ಗೆರೆ ದಾಟಿದ ಮೇಲೆ ಮಾತ್ರ ಚೆನ್ನಾಗಿ ಕಾಣ್ತದೆ.

ಆ ಅಸೋಸಿಯೇಟ್‌ಗೆ ಫೋನ್ ಮಾಡ್ದೆ. "ಸಾರ್, ಆ ಒಂದು ಲೈನ್ ತೆಗೀರಿ. ನನ್ನ ಹೆಣಾನೂ ಬೇಕಾದ್ರೆ ತೆಗೀರಿ."

"ಬ್ರದರ್, ಜನ ಅಳ್ತಿರೋದೇ ಆ ಲೈನ್‌ಗೆ" ಅಂದ್ರು. ಕೆಟ್ಟ ಮನುಷ್ಯ ಅಲ್ಲ. ಅಕ್ಕ ಹೆಂಗವ್ರೆ ಅಂತ ಎರಡು ಸಲ ಕೇಳಿದ್ರು.

ಹನ್ನೆರಡನೇ ದಿನ ರತ್ನನ ತಾಯಿ ಗೌರಮ್ಮತ್ತೆ ಬಾಗಿಲಲ್ಲಿ ನಿಂತಿದ್ರು. ಮಗಳು ಹೋದ ಮೇಲೆ ಕುದೂರಲ್ಲಿ ತಮ್ಮನ ಮನೇಲಿರ್ತಾರೆ. ಎರಡು ಬಸ್ ಹತ್ತಿ ಬಂದಿದ್ರು. ಅಕ್ಕನ ಮುಖ ಬಿಳಿಚ್ಕೊಂತು. ನಾನು ನೀರು ಕೊಡೋ ನೆಪದಲ್ಲಿ ಅಡುಗೆಮನೆಗೆ ಹೋಗಿ, ಚೊಂಬು ಬಿಟ್ಟು ಸಾರಿನ ಪಾತ್ರೆ ಹಿಡ್ಕೊಂಡು ಬಂದೆ.

ಅತ್ತೆ ಅಕ್ಕನ ಪಕ್ಕ ಚಾಪೆ ಮೇಲೆ ಕೂತ್ರು. "ಪಿಚ್ಚರ್ ನೋಡ್ದೆ ಕಣವ್ವ. ಮಾಗಡೀಲಿ. ನಾಕು ಸಲ ಆಯ್ತು."

ನಾಕು ಸಲ.

"ಇಂಟರ್‌ವಲ್‌ವರ್ಗೂ ನೋಡ್ತೀನಿ. ಅಲ್ಲೀವರ್ಗೂ ಉಸ್ರಾಡ್ಕೊಂಡಿರ್ತಾಳಲ್ಲ. ಅದು ಸಿಡಿಯೋಕೆ ಒಸಿ ಮುಂಚೆ ಎದ್ದು ಆಚೆಗೆ ಬಂದ್ಬುಡ್ತೀನಿ. ಆ ಹುಡ್ಗಿ ನಮ್ಮ ರತ್ನನ ತರ ಇಲ್ಲ, ಸಣ್ಣಕವ್ಳೆ. ಆದ್ರೂ ನಮ್ಮವಳಂಗೇ ಟೀನ ತಟ್ಟೆಗೆ ಬಗ್ಗಿಸ್ಕೊಂಡು ಕುಡೀತಾಳೆ."

ಅದನ್ನೂ ನಾನೇ ಹೇಳಿದ್ದು. ನೆಲ ನೋಡ್ದೆ.

"ಸಾವಿತ್ರಿ, ಆ ಜಾಗ ಬಿಟ್ಟುಕೊಟ್ಟಿದ್ದು ನಿಜಾನಾ?"

ಅಕ್ಕ ತಲೆ ಆಡಿಸಿದ್ಲು. ಹೌದು ಅಂತ. ಕಣ್ಣು ಮುಚ್ಕೊಂಡಿದ್ಲು, ಏಟು ಬೀಳ್ತದೆ ಅನ್ನೋರಂಗೆ.

ಅತ್ತೆ ಅಕ್ಕನ ಸುಟ್ಟ ಕೈ ಎಳ್ಕೊಂಡು ತೊಡೆ ಮೇಲೆ ಇಟ್ಕೊಂಡ್ರು. "ಅವತ್ತು ಅವ್ಳು ಏಳಕ್ಕಾಗಲ್ಲ ಕಣವ್ವ ಅಂದ್ಲು. ಜ್ವರ. ರಜ ಹಾಕಿದ್ರೆ ಕೆಲ್ಸ ಹೋಯ್ತದೆ ಅಂತ ಬೈದು ಎಬ್ಬಿಸಿ ಕಳ್ಸಿದ್ದು ನಾನು. ನಾನು ಚಳೀಲಿ ಕಳಿಸ್ದೆ, ನೀನು ಬೆಚ್ಚಗೆ ಕೂರಿಸ್ದೆ. ಯಾರನ್ನ ಅಂತ ಬೈಕೊಳ್ಳೋದವ್ವ?"

ಅಕ್ಕ ಅವರ ಮಡಿಲಿಗೆ ತಲೆ ಹಾಕಿ ಅತ್ಲು. ಆ ಅಳುವಿಗೆ ಶಬ್ದ ಇರ್ಲಿಲ್ಲ. ಅಡುಗೆಮನೇಲಿ ಅಮ್ಮನ ಅಳು ಮಾತ್ರ ಕೇಳ್ತಿತ್ತು.

ಪವಾಡ ಏನೂ ಆಗ್ಲಿಲ್ಲ. ಮೂರು ವಾರದಿಂದ ಸ್ಪೀಚ್ ಥೆರಪಿ ನಡೀತೈತೆ. ಕೆಮ್ಮೋದು, ಕೆಮ್ಮಿನ ಬಾಲ ಹಿಡ್ದು ಹೂಂ ಅನ್ನೋದು, ಹೂಂ ಇಂದ ಮಾ, ಮೂ. ಹೋದ ಸೋಮವಾರ ಪೂರ್ತಿ ಒಂದು ಮಾತು ಬಂತು, ಒಡೆದ ಹಂಚಿನಂಥ ದನೀಲಿ. ಸಕ್ಕರೆ ಜಾಸ್ತಿ ಆಯ್ತು, ಅಂತ. ಟೀ ಮಾಡಿದ್ದು ನಾನು. ಅಮ್ಮ ದೇವ್ರಿಗೆ ಕೈ ಮುಗಿದ್ಲು. ನಾನು ಸಕ್ಕರೆ ಡಬ್ಬಕ್ಕೇ ಮುಗಿದೆ. ಡಾಕ್ಟ್ರು ಅರ್ಜೆಂಟ್ ಮಾಡ್ಬೇಡಿ ಅಂದವ್ರೆ. ಅಕ್ಕ ನಂಗಿನ್ನೂ ಎರಡು ಮಾತಿಗಿಂತ ಜಾಸ್ತಿ ಆಡಲ್ಲ. ಅದು ಗಂಟಲಿನ ತೊಂದ್ರೆ ಅಲ್ಲ ಅಂತ ನಂಗೆ ಗೊತ್ತು.

ಗೌರಮ್ಮತ್ತೆ ಮನೆಗೆ ಬಂದಿದ್ರಲ್ಲ, ಅವತ್ತು ಅವ್ರನ್ನ ಬಸ್‌ಸ್ಟ್ಯಾಂಡಿಗೆ ಬಿಡೋಕೆ ಹೋಗಿದ್ದೆ. ದಾರಿಯುದ್ದಕ್ಕೂ ಕ್ಷಮೆ ಕೇಳೋ ಮಾತು ಜೋಡಿಸ್ಕೊಂಡು, ಕೊನೆಗೆ ನನ್ನ ಬಾಯಿಂದ ಬಂದಿದ್ದು "ಕಿಟಕಿ ಸೀಟ್ ಹಿಡೀಲಾ ಅತ್ತೆ" ಅಂತ. ಅವ್ರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನಿಂತ್ರು.

"ಪಿಚ್ಚರ್ ಮಾಡಿದ್ದಕ್ಕೆ ನಾನು ಬೈಯಲ್ಲ ಕಣಪ್ಪ ಮಂಜ. ಅದ್ರಿಂದ ನನ್ನ ಮಗಳ್ನ ನಾಕು ಸಲ ನೋಡ್ದೆ. ಆದ್ರೆ ಅವ್ಳು ಕೊನೇಲಿ ಎಲ್ಲಿ ಕೂತಿದ್ಲು ಅನ್ನೋದು ನಿಂಗೆ ಗೊತ್ತಿತ್ತು, ನಾನು ಎಲ್ಲಿದ್ದೀನಿ ಅನ್ನೋದೂ ಗೊತ್ತಿತ್ತು. ಟಿಕೆಟ್ ತಗೊಂಡು ಕತ್ತಲಲ್ಲಿ ಕೂತು ನಾನು ಕೇಳ್ಕೊಳ್ಳೋ ವಿಷ್ಯಾನಾ ಅದು?"